ಗುಮ್ಮಟದ ಊರಿಗೆ ಬಾಡಿಗೆ ಮಾರ್ದನಿ

ವಿಜಯಪುರದಲ್ಲಿ ರೆಕಾರ್ಡಿಂಗ್ ಸ್ಟುಡಿಯೋ ತೆರೆಯುವವರು ಮೊದಲು ಗೋಡೆಗೆಲ್ಲ ಫೋಮ್ ಬಡಿದು ಮಾರ್ದನಿಯ ಉಸಿರು ನಿಲ್ಲಿಸುತ್ತಾರೆ. ಆಮೇಲೆ ತಿಂಗಳ ಬಾಡಿಗೆ ಕಟ್ಟಿ ಅದನ್ನೇ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಾರೆ. ಸಾದಾ ಮಾರ್ದನಿ ನಡೆಯದು, ಅಮೆರಿಕದ ಗಿಟಾರ್ ಕಂಪನಿ ಫೆಂಡರಿನ 1961ರ ಪೆಟ್ಟಿಗೆಯ ಸ್ಪ್ರಿಂಗ್ ರಿವರ್ಬೇ, ಅಂದರೆ ದನಿಯನ್ನು ಲೋಹದ ಸ್ಪ್ರಿಂಗಿನಲ್ಲಿ ಹಾಯಿಸಿ ಹುಟ್ಟಿಸುವ ಮಾರ್ದನಿಯೇ ಆಗಬೇಕು. “ಡೊಳ್ಳಿನ ಪದಕ್ಕ ವಿಂಟೇಜ್ ಸೌಂಡ್ ಬೇಕ್ರಿ!”

ಈ ಸ್ಪ್ರಿಂಗ್ ಬಂದದ್ದೇ ಗುಮ್ಮಟವಿಲ್ಲದವರಿಗಾಗಿ. ಮನೆಯಲ್ಲಿ ಹ್ಯಾಮಂಡ್ ಕಂಪನಿಯ ವಿದ್ಯುತ್ ಆರ್ಗನ್ ನುಡಿಸುವವರಿಗೆ ಚರ್ಚಿನ ಗುಂಗು ಸಿಗಲೆಂದು ಹೂಡಿದ ಅಗ್ಗದ ಉಪಾಯ ಅದು. ನಮಗೋ, 1656ರಲ್ಲಿ ಮುಗಿದ ಗೋಳಗುಮ್ಮಟವೇ ಎದುರಿಗಿದೆ. ಅದರ ನೆರಳಲ್ಲಿ ಕೂತು ನಕಲಿನ ನಕಲಿಗೆ ಓಟಿಪಿ ಒತ್ತುತ್ತೇವೆ.

ಒತ್ತಿದ ಮೇಲಾದರೂ ನೆಟ್ಟಗೆ ಕೂರಿಸಬೇಕಲ್ಲ. ಅಸಲಿ ಪೆಟ್ಟಿಗೆ ಇರುತ್ತಿದ್ದದ್ದು ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ. ನಮ್ಮವರು ಪ್ಲಗಿನ್ನನ್ನು (ಆ ಪೆಟ್ಟಿಗೆಯ ಕಂಪ್ಯೂಟರ್ ನಕಲನ್ನು) ಸ್ಪೀಕರ್ ಸಿಮ್ಯುಲೇಶನ್ನಿನ, ಅಂದರೆ ಸ್ಪೀಕರಿನ ನಕಲಿನ ಆಚೆ ಹಾಕಿ, ‘ಬಚ್ಚಲಮನಿ ಸೌಂಡ್ ಬರಾಕತ್ತೇತಿ’ ಎನ್ನುತ್ತಾರೆ. ಆಂಪ್ ಸಿಮ್ಯುಲೇಶನ್ನಿಗಿಂತ ಮೊದಲು ಹಾಕಿ, ಮಿಕ್ಸ್, ಅಂದರೆ ಮಾರ್ದನಿಯ ಪಾಲು 30–40 ಪ್ರತಿಶತ ಇಡಿ. ಸ್ಪ್ರಿಂಗಿಗೆ ಹೋಗುವ ದನಿಯಲ್ಲಿ 200 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ, ಇಲ್ಲದಿದ್ದರೆ ದಪ್ಪ ತಂತಿ ಮುಟ್ಟಿದೊಡನೆ ಕೆಸರು. ಹೊರಬರುವುದರಲ್ಲಿ 5 ಕಿಲೋಹರ್ಟ್ಸ್ ಮೇಲಿನದು ಬೇಡ, ಅಸಲಿ ಸ್ಪ್ರಿಂಗಿನಲ್ಲೂ ಅದು ಹೆಚ್ಚುಕಡಿಮೆ ಇರಲಿಲ್ಲ.

ಸ್ಪ್ರಿಂಗ್ ರಿವರ್ಬಿನ ಆ ನೀರು ತೊಟ್ಟಿಕ್ಕುವಂಥ ಸದ್ದಿನ ಗುಟ್ಟು ಬೇರೆ. 17 ಇಂಚಿನ ಸಾಮಾನ್ಯ ಡಬ್ಬಿಯಲ್ಲಿ ಒಂದು ಸ್ಪ್ರಿಂಗ್ 33 ಮಿಲಿಸೆಕೆಂಡಿಗೆ, ಇನ್ನೊಂದು 41ಕ್ಕೆ ದನಿ ಮುಟ್ಟಿಸುತ್ತದೆ. ಅದರಲ್ಲೂ ಮಂದ್ರ ಮೊದಲು, ತಾರ ಹಿಂದೆ. ಪೆಟ್ಟಿಗೆಯ ಡ್ವೆಲ್ ಗುಂಡಿ ಏರಿಸಿದಷ್ಟೂ ದನಿ ಹಿಗ್ಗಿಸುವ ವಾಲ್ವು ಸ್ಪ್ರಿಂಗನ್ನು ಜೋರಾಗಿ ಒದೆಯುತ್ತದೆ. ಡಬ್ಬಿಯ ಮಾರ್ದನಿಯನ್ನು ಒಮ್ಮೆ ಅಚ್ಚು ತೆಗೆದಿಟ್ಟ, ಪುಕ್ಕಟೆ ಸಿಗುವ ಇಂಪಲ್ಸ್ ರೆಸ್ಪಾನ್ಸ್ ಫೈಲಿನಲ್ಲಿ ಈ ಒದೆತ ಇಲ್ಲ. ಮೆಲ್ಲಗೆ ಮೀಟಿದರೂ ಜೋರಾಗಿ ಮೀಟಿದರೂ ಉತ್ತರ ಒಂದೇ, ಗಟ್ಟಿ ಇಲ್ಲವೇ ಮೆತ್ತಗೆ ಅಷ್ಟೇ. ಅದೊಂದೇ ಇದ್ದರೆ ಅದರ ಮುಂದೆ ಸ್ವಲ್ಪ ಸ್ಯಾಚುರೇಶನ್ (ಮಿತಿ ಮೀರಿ ಒತ್ತಿದ ವಾಲ್ವಿನಂಥ ಒರಟುತನ) ಹಾಕಿ, ಅಂಗೈ ಅಂಚಿನಿಂದ ತಂತಿ ಒತ್ತಿ ಚುರುಕಾಗಿ ಮೀಟಿ.

ಆದರೆ ಡ್ವೆಲ್ ಯಾರಿಗೆ ಬೇಕು? ಕಣ್ಣೆಲ್ಲ ಪ್ಲಗಿನ್ನಿನ ಪರದೆಯಲ್ಲಿ ಬಿಡಿಸಿದ ಪೆಟ್ಟಿಗೆಯ ತುಕ್ಕಿನ ಮೇಲೆ. ಕೆಲವು ಪ್ಲಗಿನ್ನುಗಳಲ್ಲಿ ಡಬ್ಬಿ ಒದೆಯುವ ಬಟನ್ನೂ ಉಂಟು, ಅಮೆರಿಕದ ಕರೆಂಟಿನ 60 ಹರ್ಟ್ಸ್ ಗುಂಯ್‌ಗುಡುವಿಕೆಯೂ ಉಂಟು. ನಮ್ಮ ಅರ್ಥಿಂಗ್ ಸರಿಯಿಲ್ಲದೆ ಪುಕ್ಕಟೆ ಬರುವ 50 ಹರ್ಟ್ಸ್ ಗುಂಯ್ ತೆಗೆಸಲು ಮಾತ್ರ ಎಲೆಕ್ಟ್ರಿಷಿಯನ್‌ಗೆ ಫೋನು!

ಕೊನೆಗೆ ಹಾಡು ತಯಾರಾಗಿ ಜಾತ್ರೆಯ ಟ್ರ್ಯಾಕ್ಟರ್ ಡಿಜೆ ಏರುತ್ತದೆ. ಆಪರೇಟರ್ ಒಂದು ಸಾಲು ಕೇಳಿ, ಮಿಕ್ಸರಿನ ಎಕೋ ಗುಂಡಿಯನ್ನು ಕಡೆಯ ತನಕ ತಿರುವಿ ಹೇಳುತ್ತಾನೆ: “ಸೌಂಡ್ ಭಾಳ ಡ್ರೈ ಆಗೇತ್ರಿ ಅಣ್ಣಾ.”