ಮವಾತ್ತೆ ಅಂದ್ರೆ ಯಾರು?

ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ವಾರದ ಕೆಲವು ಸಂಜೆ ಜಪಾನೀ ಭಾಷೆ ಕೇಳಿಸುತ್ತದೆ. ಮಿಕ್ಕ ದಿನ ನಾಮಕರಣ, ಸೀಮಂತ. ಭಾಷೆ ಅಂದ್ರೆ ಪೂರ್ತಿ ಭಾಷೆಯೇನಲ್ಲ, ಬರೀ ಆರ್ಡರುಗಳು. ನಿಲ್ಲು, ತಿರುಗು, ಒದಿ, ಬಗ್ಗು. ಬೈಗುಳ ಮಾತ್ರ ಅಪ್ಪಟ ಕನ್ನಡದ್ದು. ಮಗಳನ್ನು ಕರಾಟೆಗೆ ಬಿಟ್ಟು ಗೋಡೆ ಬದಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುವ ಅಮ್ಮಂದಿರ ಪೈಕಿ ನಾನೂ ಒಬ್ಬಳು.

ಮೇಷ್ಟ್ರನ್ನು ಸೆನ್ಸೇ ಅನ್ನಬೇಕು, ಅದು ಮೊದಲ ಪಾಠ. ಸೆನ್ಸೇ ಅಂದರೇನೇ ಗುರುಗಳು. ಆದರೆ ಬರೀ ಅಷ್ಟೇ ಅಂದ್ರೆ ಮರ್ಯಾದೆ ಕಮ್ಮಿ ಆಯ್ತೇನೋ ಅಂತ ಮಕ್ಕಳೆಲ್ಲ ‘ಸೆನ್ಸೇ ಸರ್’ ಅನ್ನುತ್ತಾರೆ. ಗುರುಪೂರ್ಣಿಮೆಯ ದಿನ ಗ್ರೂಪಿನಲ್ಲಿ ‘ಸೆನ್ಸೇ ಸರ್ ಅವರಿಗೆ ಪ್ರಣಾಮಗಳು’ ಅಂತಲೂ ಬಂತು.

ಆಮೇಲೆ ಎಣಿಕೆ. ಇಚಿ, ನಿ, ಸಾನ್, ಶಿ, ಗೊ, ರೊಕು, ಶಿಚಿ, ಹಾಚಿ, ಕು, ಜು. ಹನ್ನೊಂದಕ್ಕೂ ಹೆಸರಿದೆ, ಆದರೆ ನಮ್ಮಲ್ಲಿ ಯಾರೂ ಅಲ್ಲಿ ತನಕ ಹೋಗುವುದಿಲ್ಲ. ಜು ಆದ ಮೇಲೆ ಮತ್ತೆ ಇಚಿ. ಮೂವತ್ತು ಪುಶ್‌ಅಪ್ ಅಂದ್ರೆ ಹತ್ತನ್ನೇ ಮೂರು ಸಲ ಎಣಿಸಬೇಕು. ಈಗ ನಡೀತಿರೋದು ಎಷ್ಟನೇ ಹತ್ತು ಅಂತ ನೆನಪಿಡುವುದು ಯಾರ ಕೆಲಸವೂ ಅಲ್ಲ. ಸೆನ್ಸೇಗೆ ಅನುಮಾನ ಬಂದರೆ ಇನ್ನೊಂದು ಹತ್ತು. ಅವರಿಗೆ ಅನುಮಾನ ಜಾಸ್ತಿ. ಎಣಿಸುವ ಸರದಿ ಸಾಲಿನಲ್ಲಿ ಒಬ್ಬೊಬ್ಬರಿಗೂ ಬರುತ್ತದೆ. ಹೊಸ ಹುಡುಗನೊಬ್ಬ ರೊಕು ತನಕ ಜೋರಾಗಿ ಬಂದವನು ಅಲ್ಲೇ ತಡವರಿಸಿ, ‘ಏಳು, ಎಯ್ಟ್, ನೌ, ಹತ್ತು!’ ಅಂತ ಹೇಗೋ ದಡ ಸೇರಿದ. ಯಾರ ಕಾಲೂ ತಾಳ ತಪ್ಪಲಿಲ್ಲ.

ಒಂದು ಸಂಜೆ ನಮ್ಮತ್ತೆಯೂ ಜೊತೆಗೆ ಬಂದರು. ದೀಪ ಹಚ್ಚುವ ಹೊತ್ತು. ಒದೆತ ನಿಲ್ಲಿಸಲು ಸೆನ್ಸೇ ‘ಯಮೇ!’ ಅಂತ ಗರ್ಜಿಸಿದರು. ಅತ್ತೆ ರಾಮ ರಾಮ ಅನ್ನುತ್ತಾ ಎದ್ದು ನಿಂತರು.

‘ಮುಸ್ಸಂಜೆ ಹೊತ್ತಲ್ಲಿ ಯಮನನ್ನ ಯಾಕಪ್ಪಾ ಕೂಗ್ತೀಯ? ಮಕ್ಕಳಿರೋ ಜಾಗ.’

‘ಅದು ಹಾಗಲ್ಲ ಅಮ್ಮಾ, ನಿಲ್ಲಿಸಿ ಅಂತ ಅರ್ಥ.’

‘ಅವನು ಬಂದ್ರೆ ಎಲ್ಲಾ ನಿಲ್ಲತ್ತೆ, ಅದು ನಂಗೂ ಗೊತ್ತು.’

ಈ ವಿಷಯದಲ್ಲಿ ಜಪಾನಿನವರು ನಮ್ಮತ್ತೆಯ ಪಕ್ಷವೇ. ಅವರಲ್ಲಿ ನಾಲ್ಕಕ್ಕೆ ಹೇಳುವ ಶಿ, ಸಾವಿಗೆ ಹೇಳುವ ಪದದ ಹಾಗೇ ಕೇಳಿಸುತ್ತದೆ. ಅದಕ್ಕೇ ದಿನಬಳಕೆಯಲ್ಲಿ ಬಹಳ ಕಡೆ ಯೋನ್ ಅಂದು ಜಾರಿಕೊಳ್ಳುತ್ತಾರೆ. ಕೆಲವು ಆಸ್ಪತ್ರೆಗಳಲ್ಲಿ ನಾಲ್ಕನೇ ನಂಬರಿನ ಕೋಣೆಯೇ ಇರುವುದಿಲ್ಲ. ಕರಾಟೆಯವರು ಮಾತ್ರ ಶಿ ಅಂತಲೇ ಕಿರುಚಿ ಒದೆಯುತ್ತಾರೆ. ಇದನ್ನು ನಾನು ಅತ್ತೆಗೆ ಹೇಳಿಲ್ಲ.

ಯಮನಿಗಿಂತ ದೊಡ್ಡ ಫಜೀತಿ ಮಾಡಿದ್ದು ಮವಾತ್ತೆ. ಗುದ್ದುತ್ತಾ ಗುದ್ದುತ್ತಾ ಮುಂದೆ ಹೋಗಿ ಗೋಡೆ ಹತ್ತಿರ ಬಂದಾಗ, ಹಿಂದಕ್ಕೆ ತಿರುಗಿ ಅಂತ ಕೊಡುವ ಆರ್ಡರು. ದೊಡ್ಡವರ ಬ್ಯಾಚಿಗೆ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಸೇರಿದ್ದಳು. ಮನೆಯಲ್ಲಿ ಯೋಗ ಕ್ಲಾಸು ಅಂತ ಹೇಳಿ ಬರುತ್ತಿದ್ದಳಂತೆ. ಸೆನ್ಸೇ ‘ಮವಾತ್ತೇ!’ ಅಂದರು. ಅವಳಿಗೆ ಕೇಳಿಸಿದ್ದು ‘ಮಾವ, ಅತ್ತೆ!’ ಅಷ್ಟರಲ್ಲಿ ಸಾಲಿಗೆ ಸಾಲೇ ಗರಕ್ಕನೆ ಬಾಗಿಲ ಕಡೆ ತಿರುಗಿತು. ಇನ್ನು ಅನುಮಾನ ಎಲ್ಲಿಯದು? ಅವಳು ಮುಷ್ಟಿ ಬಿಚ್ಚಿ, ಕೂದಲು ಸರಿಮಾಡಿಕೊಂಡು, ಕಾಲು ಜೋಡಿಸಿ ಸಭ್ಯಳಾಗಿ ನಿಂತುಬಿಟ್ಟಳು. ಹಿಂದಿನಿಂದ ರಭಸವಾಗಿ ಬಂದ ಬ್ಯಾಂಕ್ ಅಂಕಲ್ ಢಿಕ್ಕಿ ಹೊಡೆದು ಕೂತೇಬಿಟ್ಟರು. ಬಾಗಿಲಲ್ಲಿ ಇದ್ದವನು ನೀರಿನ ಕ್ಯಾನ್ ತಂದ ಹುಡುಗ. ಇಷ್ಟೊಂದು ಜನ ಮುಷ್ಟಿ ಹಿಡಿದು ತನ್ನ ಕಡೆ ತಿರುಗಿದ್ದು ನೋಡಿ, ಪಾಪ, ಕ್ಯಾನ್ ಅಲ್ಲೇ ಬಿಟ್ಟು ಹೋದ. ದುಡ್ಡೂ ಕೇಳಲಿಲ್ಲ.

ಹಾಗಂತ ಎಲ್ಲವೂ ಪರಕೀಯವೇನಲ್ಲ. ಒದೆತಕ್ಕೆ ಕೆರಿ ಅನ್ನುತ್ತಾರೆ. ಮುಂದಕ್ಕೆ ಒದ್ದರೆ ಮಾಯೆ ಗೆರಿ, ಸುತ್ತು ಬೀಸಿ ಒದ್ದರೆ ಮವಾಶಿ ಗೆರಿ. ನಿಲ್ಲುವ ಭಂಗಿ ತಾಚಿ. ಕುದುರೆ ಮೇಲೆ ಕೂತವರ ಹಾಗೆ ನಿಂತರೆ ಕಿಬಾ ದಾಚಿ. ಕ ಹೋಗಿ ಗ ಬಂತು, ತ ಹೋಗಿ ದ ಬಂತು. ಮಳೆ, ಕಾಲ ಸೇರಿ ಮಳೆಗಾಲ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ. ನಮ್ಮ ಆದೇಶ ಸಂಧಿ, ಅಲ್ವಾ! ಹೈಸ್ಕೂಲು ಬಿಟ್ಟ ಮೇಲೆ ಮತ್ತೆಂದೂ ಕಾಣಿಸದ ಸಂಧಿ ಜಪಾನಿನಿಂದ ಒದೆಸಿಕೊಂಡು ವಾಪಸ್ ಬಂದಿತ್ತು. ಪಕ್ಕದ ಕುರ್ಚಿಯವರಿಗೆ ಖುಷಿಯಿಂದ ಹೇಳಿದೆ. ಅವರು ‘ಹೌದಾ’ ಅಂದು ಮೊಬೈಲಿಗೆ ಮರಳಿದರು.

ಬೆಲ್ಟಿನ ಲೆಕ್ಕ ಮಾತ್ರ ಯಾವ ವ್ಯಾಕರಣಕ್ಕೂ ಸಿಗದು. ಕಪ್ಪು ಬೆಲ್ಟಿನ ಕೆಳಗಿನ ದರ್ಜೆಗಳಿಗೆ ಕ್ಯು ಅಂತ ಹೆಸರು. ಕಲಿತಷ್ಟೂ ನಂಬರು ಇಳಿಯುತ್ತಾ ಒಂದಕ್ಕೆ ಬರಬೇಕು. ಅಲ್ಲಿಂದ ಮುಂದೆ ದಾನ್, ಅದು ಏರುತ್ತಾ ಹೋಗುತ್ತದೆ. ಮಗಳು ಪರೀಕ್ಷೆ ಪಾಸಾಗಿ ಒಂಬತ್ತರಿಂದ ಎಂಟಕ್ಕೆ ಬಂದ ದಿನ ಅತ್ತೆ ಮುಖ ಸಣ್ಣ ಮಾಡಿಕೊಂಡರು. ‘ಅಷ್ಟು ಫೀಸ್ ಕಟ್ಟಿಸಿಕೊಂಡು ಮಗೂನ ಒಂದು ಕ್ಲಾಸ್ ಕೆಳಗೆ ಹಾಕಿದ್ರಾ?’

ಇಷ್ಟೆಲ್ಲ ಯಾಕೆ, ಕನ್ನಡದಲ್ಲೇ ಹೇಳಬಾರದಾ ಅಂತ ಒಬ್ಬ ಅಪ್ಪ ಕೇಳಿದರು. ತಪ್ಪೇನಿಲ್ಲ. ಕರಾಟೆಯವರೂ ಹೆಸರು ತಿದ್ದಿಕೊಂಡವರೇ. ಮೊದಲು ಕರಾಟೆ ಅನ್ನುವುದನ್ನು ಚೀನಾದ ಕೈ ಅನ್ನುವ ಅರ್ಥದ ಅಕ್ಷರದಲ್ಲಿ ಬರೆಯುತ್ತಿದ್ದರು. 1936ರಲ್ಲಿ ಓಕಿನಾವಾದ ನಾಹಾದಲ್ಲಿ ಗುರುಗಳು ಸಭೆ ಸೇರಿ, ಬರಿಗೈ ಅನ್ನುವ ಅರ್ಥದ ಅಕ್ಷರಕ್ಕೆ ಒಪ್ಪಿಕೊಂಡರು. ಕೂಗಲು ಎರಡೂ ಒಂದೇ. ನಮ್ಮ ಸೆನ್ಸೇ ಕನ್ನಡವನ್ನೂ ಒಂದು ಕೈ ನೋಡಿದರು. ‘ಒದೀರಿ!’ ಅಂದ ತಕ್ಷಣ ಮಕ್ಕಳು ಅತ್ತಿತ್ತ ನೋಡಿ ‘ಯಾರಿಗೆ ಸರ್?’ ಅಂದರು. ಒಬ್ಬ ಆಗಲೇ ಆರಿಸಿಕೊಂಡಾಗಿತ್ತು. ಜಪಾನೀ ವಾಪಸ್ ಬಂತು.

ಹೋದ ಟೂರ್ನಮೆಂಟಿಗೆ ಅತ್ತೆ ಚಕ್ಕುಲಿ ಕಟ್ಟಿಕೊಂಡು ಬಂದಿದ್ದರು, ಮೊಮ್ಮಗಳ ಫೈಟ್ ನೋಡಲು. ಅಲ್ಲಿ ಒಬ್ಬರಿಗೆ ಕೆಂಪು ಬೆಲ್ಟು, ಇನ್ನೊಬ್ಬರಿಗೆ ನೀಲಿ. ಕೆಂಪಿಗೆ ಆಕ, ನೀಲಿಗೆ ಆವೊ. ಒಂದು ಪಾಯಿಂಟಿಗೆ ಯುಕೊ, ಎರಡಕ್ಕೆ ವಾಜಾರಿ, ಮೂರಕ್ಕೆ ಇಪ್ಪೋನ್ ಅಂತ ರೆಫರಿ ಕೂಗುತ್ತಾ ಹೋದರು. ನಮ್ಮವಳು ನೀಲಿ. ಎದುರಿಗೆ ಅವಳಿಗಿಂತ ಒಂದು ಮೊಳ ಎತ್ತರದ ಹುಡುಗಿ. ಯುಕೊಗಳೆಲ್ಲ ಅವಳ ಕಡೆಗೇ ಹೋದವು. ಕೊನೆಗೆ ರೆಫರಿ ಕೆಂಪಿನ ಕಡೆ ಕೈ ಎತ್ತಿ, ಕೆಂಪು ಗೆದ್ದಿದೆ ಅಂತ ಸಾರಿದರು: ‘ಆಕ ನೊ ಕಚಿ!’

ಅತ್ತೆ ಚಕ್ಕುಲಿ ಡಬ್ಬಿ ನನ್ನ ಕೈಗಿಟ್ಟು ಎದ್ದರು. ‘ಅಕ್ಕನ್ನ ಕಚ್ಚಿ ಅಂತಾನಲ್ಲೇ! ಒದ್ದಾಡಿದ್ದು ಸಾಲದಾ? ನಮ್ಮ ಮಗು ಹಾಗೆಲ್ಲ ಕಚ್ಚೋದಲ್ಲ!’

ಮಗಳು ಸೋತ ಸಿಟ್ಟಿನಲ್ಲಿ ಸೆನ್ಸೇ ಕಡೆ ತಿರುಗಿದಳು.

‘ಕಚ್ಚಬಹುದಾ, ಸೆನ್ಸೇ ಸರ್?’