ಕಪ್ಪಿನ ಮಾತು, ತೊಗರಿಯ ಮಾತು

ಕಲಬುರಗಿಯಿಂದ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಹೋಗಬೇಕೆಂದರೆ ಒಂದು ರಾತ್ರಿ ಪೂರ್ತಿ ರೈಲಿನಲ್ಲಿ ಕಳೆಯಬೇಕು. ಹೈದರಾಬಾದಿನ ಉಪ್ಪಲ್ ಕ್ರೀಡಾಂಗಣಕ್ಕಾದರೆ ಹುಮನಾಬಾದ್, ಜಹೀರಾಬಾದ್ ಮೇಲೆ ಐದಾರು ತಾಸಿನ ದಾರಿ. ಬೀದರಿನವರಿಗೆ ಅದಕ್ಕೂ ಕಡಿಮೆ. ಹೀಗಾಗಿ ಬೆಂಗಳೂರಿನ ಐಪಿಎಲ್ ಕ್ರಿಕೆಟ್ ತಂಡವಾದ ಆರ್‌ಸಿಬಿಗೆ ನಮ್ಮ ಕಡೆ ಇರುವ, ನನಗೆ ಪರಿಚಯದ ಅಭಿಮಾನಿಗಳಲ್ಲಿ ಹೆಚ್ಚಿನವರು ತಮ್ಮ ತಂಡವನ್ನು ಕಣ್ಣಾರೆ ನೋಡಿದ್ದು ಎದುರಾಳಿಯ ಅಂಗಳದಲ್ಲಿಯೇ. ಉದ್ಯೋಗದ ನಿಮಿತ್ತ ಹೈದರಾಬಾದಿನಲ್ಲಿ ನೆಲೆಸಿರುವ ನಾನು ಪ್ರತಿವರ್ಷ ಐಪಿಎಲ್ ನಡೆಯುವ ಮಾರ್ಚಿನಿಂದ ಮೇ ತಿಂಗಳವರೆಗೆ ಎರಡು ಬಳಗಗಳ ನಡುವೆ ಬದುಕುತ್ತೇನೆ. ಒಂದು, ಊರಿನ ಆರ್‌ಸಿಬಿ ಅಭಿಮಾನಿಗಳ ವಾಟ್ಸ್‌ಆ್ಯಪ್ ಗುಂಪು. ಇನ್ನೊಂದು, ಇಲ್ಲಿನ ಸಹೋದ್ಯೋಗಿಗಳ ಕ್ರಿಕೆಟ್ ಗುಂಪು. 1948ರವರೆಗೆ ಎರಡೂ ಊರುಗಳು ಒಬ್ಬನೇ ನಿಜಾಮನ ಆಳ್ವಿಕೆಯಲ್ಲಿದ್ದವು, ದಖನಿ ಮಾತು ಎರಡೂ ಕಡೆ ಕೇಳುತ್ತದೆ. ಆದರೂ ಒಂದು ತಂಡವನ್ನು ಒಟ್ಟಿಗೆ ಕುಳಿತು ಪ್ರೀತಿಸುವ ರೀತಿಯಲ್ಲಿ ಇವರಿಗೂ ಅವರಿಗೂ ಬಹಳ ಅಂತರವಿದೆ, ಮತ್ತು ಆ ವಿಷಯದಲ್ಲಿ ನನ್ನ ಒಲವು ಊರಿನ ಕಡೆಗಿದೆ.

ಊರಿನ ಬಳಗವನ್ನು ಕಟ್ಟಿದ್ದು ಸೋಲು. ಅದರಲ್ಲೂ ನಮ್ಮ ದೊಡ್ಡ ಸೋಲುಗಳಲ್ಲಿ ಹೈದರಾಬಾದಿನ ಪಾಲು ಮತ್ತೆ ಮತ್ತೆ ಬರುತ್ತದೆ. 2009ರಲ್ಲಿ ಜೊಹಾನ್ಸ್‌ಬರ್ಗ್‌ನ ಫೈನಲ್‌ನಲ್ಲಿ ಅನಿಲ್ ಕುಂಬ್ಳೆ 16 ರನ್ನಿಗೆ 4 ವಿಕೆಟ್ ಕಿತ್ತು, ಸೋತ ತಂಡದಲ್ಲಿದ್ದೂ ಪಂದ್ಯಶ್ರೇಷ್ಠರಾದರು. ಆಗಿನ ಹೈದರಾಬಾದ್ ತಂಡ ಡೆಕ್ಕನ್ ಚಾರ್ಜರ್ಸ್ ಆರು ರನ್ನಿನಿಂದ ಗೆದ್ದಿತು. 2016ರಲ್ಲಿ ಚಿನ್ನಸ್ವಾಮಿಯಲ್ಲೇ ನಡೆದ ಫೈನಲ್‌ನಲ್ಲಿ 209ರ ಗುರಿಗೆ ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟ್ಟಿಗೆ 114 ರನ್ ಸೇರಿಸಿಕೊಟ್ಟ ಮೇಲೂ ಈಗಿನ ಹೈದರಾಬಾದ್ ತಂಡ ಸನ್‌ರೈಸರ್ಸ್ ಎದುರು ಎಂಟು ರನ್ನಿನಿಂದ ಸೋತೆವು. 2013ರ ಏಪ್ರಿಲ್ 23ರಂದು ನಮ್ಮವರು ಕಟ್ಟಿದ, ಐಪಿಎಲ್ಲಿನಲ್ಲೇ ಅತಿ ದೊಡ್ಡ ಮೊತ್ತವಾಗಿದ್ದ 263 ರನ್ನಿನ ದಾಖಲೆಯನ್ನು 2024ರಲ್ಲಿ ಮುರಿದದ್ದೂ ಸನ್‌ರೈಸರ್ಸ್ ತಂಡವೇ. ಅದೇ ಏಪ್ರಿಲ್ 23, 2017ರಲ್ಲಿ ತಿರುಗಿ ಬಂದಾಗ ನಾವು ಕೋಲ್ಕತ್ತದಲ್ಲಿ 49ಕ್ಕೆ ಆಲೌಟಾದೆವು.

ಆ ರಾತ್ರಿ ಊರಿನ ಗುಂಪಿನಲ್ಲಿ ಬಂದ ಮಾತು ನನಗೆ ಇನ್ನೂ ನೆನಪಿದೆ: “ಇವತ್ತ್ ನಮ್ಮೂರಾಗ ಬಿಸಿಲು ನಲವತ್ಮೂರು, ನಮ್ಮವರ ರನ್ನು ನಲವತ್ತೊಂಬತ್ತು. ಆರು ಡಿಗ್ರಿ ಮ್ಯಾಲೇ ಅದೀವಿ, ಚಿಂತಿ ಮಾಡಬ್ಯಾಡ್ರಿ.” ಇಡೀ ಗುಂಪು ನಕ್ಕಿತು. ಹೀಗೆ ಮೊದಲು ತಮ್ಮ ತಂಡದ ಮೇಲೆ, ತಮ್ಮ ಊರಿನ ಬಿಸಿಲಿನ ಮೇಲೆ, ಆಮೇಲೆ ಸಾಧ್ಯವಾದರೆ ಎದುರಾಳಿಯ ಮೇಲೆ ನಗೆ ಮಾಡುವುದು ನಮ್ಮವರ ಪದ್ಧತಿ. ಸೋತದ್ದನ್ನು ಎಲ್ಲರ ಎದುರು ಒಪ್ಪಿಕೊಂಡು ನಕ್ಕವರ ನಡುವೆ ದೊಡ್ಡಸ್ತಿಕೆ ಉಳಿಯುವುದಿಲ್ಲ. ಅಲ್ಲಿ ಅಂಗಡಿಯವನೂ ಮೇಷ್ಟ್ರೂ ಹಮಾಲಿಯೂ ಒಂದೇ ಸಾಲಿನಲ್ಲಿ ಕೂತಿರುತ್ತಾರೆ, ಮನೆಯ ತಾಪತ್ರಯ ಹೇಳಿಕೊಳ್ಳಲು ಯಾರಿಗೂ ಸಂಕೋಚವಾಗುವುದಿಲ್ಲ.

2025ರ ಸೀಸನ್ನಿನ ಒಂದು ಸಂಜೆಯನ್ನೇ ನೋಡಿ. ಆಳಂದ ಕಡೆಯ ಹಿರಿಯ ರೈತರೊಬ್ಬರು ನಮ್ಮ ಗುಂಪಿನಲ್ಲಿದ್ದಾರೆ, ಎಲ್ಲರಿಗೂ ಅವರು ಕಾಕಾ. ಪವರ್‌ಪ್ಲೇ ಮುಗಿದು ವಿರಾಮ ಬಂದೊಡನೆ ಯಾರೋ ಕೇಳಿದರು: “ಕಾಕಾ, ತೊಗರಿ ಮಾರಿದ್ರೇನ್ರಿ?” ಹಿಂದಿನ ವರ್ಷ ಕ್ವಿಂಟಲಿಗೆ ಹತ್ತು ಸಾವಿರ ದಾಟಿದ್ದ ತೊಗರಿ ಆ ವರ್ಷ ಕುಸಿದುಬಿಟ್ಟಿತ್ತು. ಕೇಂದ್ರದ ಬೆಂಬಲ ಬೆಲೆ 7,550 ರೂಪಾಯಿಗೆ ರಾಜ್ಯ ಸರ್ಕಾರ 450 ಸೇರಿಸಿ ಎಂಟು ಸಾವಿರ ಮಾಡಿತ್ತು. ಕಾಕಾ ಬರೆದರು: “ಹೆಸರ ಹಚ್ಚೀನಪ್ಪಾ, ಪಾಳಿ ಬಂದಿಲ್ಲ ಇನ್ನಾ. ಅಷ್ಟರಾಗ ಅಡತ್ಯಾಗ ಕೊಟ್ರ ಲುಕ್ಸಾನ.” ಅಡತಿ ಎಂದರೆ ದಲ್ಲಾಳಿ ಅಂಗಡಿ. ಖರೀದಿ ಕೇಂದ್ರದಲ್ಲಿ ತನ್ನ ಪಾಳಿ ಯಾವಾಗ ಬಂತು, ತೂಕಕ್ಕೆ ಎಷ್ಟು ಹೊತ್ತಾಯಿತು, ಹಣ ಖಾತೆಗೆ ಎಷ್ಟು ದಿನದಲ್ಲಿ ಜಮಾ ಆಯಿತು ಎಂದು ಇನ್ನೊಬ್ಬರು ವಿವರವಾಗಿ ತಿಳಿಸಿದರು. ಶಹಾಪುರದಿಂದ ಬಂದು ಕಲಬುರಗಿಯಲ್ಲಿ ರೂಮು ಮಾಡಿಕೊಂಡು ಸರ್ಕಾರಿ ಪರೀಕ್ಷೆಗೆ ಓದುತ್ತಿರುವ ಹುಡುಗನೊಬ್ಬ, ಬೇಕಾದರೆ ನಾಳೆ ತಾನೇ ಕಾಕಾ ಜೊತೆ ಹೋಗಿ ಕಾಗದಪತ್ರ ನೋಡಿಕೊಡುವುದಾಗಿ ಹೇಳಿದ. ಅಷ್ಟರಲ್ಲಿ ಬೌಲರ್ ಓಡಿಬಂದ, ಮಾತು ಮತ್ತೆ ಆಟಕ್ಕೆ ಹೊರಳಿತು. ಯಾರೂ ಇದನ್ನು ಸಮಾಜಸೇವೆ ಎಂದು ಕರೆಯಲಿಲ್ಲ, ಕರೆಯಬೇಕಾದ ಅಗತ್ಯವೂ ಅವರಿಗೆ ಕಾಣುವುದಿಲ್ಲ.

ಹೈದರಾಬಾದಿನ ಗುಂಪಿನ ಕ್ರಮವೇ ಬೇರೆ. ಅಲ್ಲಿ ಕ್ರಿಕೆಟ್ ಬಿಟ್ಟು ಬೇರೇನೂ ಹಾಕಬಾರದು ಎಂಬ ಕಟ್ಟುನಿಟ್ಟಿನ ನಿಯಮವಿದೆ. ಉಪ್ಪಲ್‌ನ ಪಿಚ್ ಹೇಗಿದೆ, ರಾತ್ರಿ ಇಬ್ಬನಿ ಬಿದ್ದರೆ ಸ್ಪಿನ್ನರ್‌ಗಳ ಗತಿಯೇನು, ಪಂದ್ಯದ ನಡುವೆ ಯಾರನ್ನು ಬದಲಿ ಇಂಪ್ಯಾಕ್ಟ್ ಆಟಗಾರನನ್ನಾಗಿ ಇಳಿಸಬೇಕು ಎಂಬ ಚರ್ಚೆಯಲ್ಲಿ ಅವರ ತಿಳಿವಳಿಕೆ ನಮ್ಮವರಿಗಿಂತ ಹರಿತವಾದದ್ದು. ಅವರಿಂದ ನಾನು ಆಟವನ್ನು ಓದುವುದನ್ನು ಕಲಿತಿದ್ದೇನೆ. ಅವರ ಅಭಿಮಾನದಲ್ಲಿ ಔದಾರ್ಯವೂ ಇದೆ. ಉಪ್ಪಲ್‌ನಲ್ಲಿ ಕೊಹ್ಲಿ ಬ್ಯಾಟ್ ಹಿಡಿದು ಇಳಿದರೆ ಕಿತ್ತಳೆ ಜೆರ್ಸಿ ತೊಟ್ಟವರೂ ಎದ್ದು ನಿಂತು ಕೂಗುವುದನ್ನು ಕಂಡಿದ್ದೇನೆ. ಆ ನಿಯಮವನ್ನು ಅವರು ಸುಮ್ಮನೆ ಮಾಡಿಕೊಂಡದ್ದಲ್ಲ. ರಾಜಕೀಯದ ಜಗಳ, ಸುಳ್ಳುಸುದ್ದಿಯ ಫಾರ್ವರ್ಡು, ಜಾತಿಯ ಚುಚ್ಚುಮಾತು ಇವೆಲ್ಲ ಒಳಬರದಂತೆ ಅದು ತಡೆದಿದೆ, ಮತ್ತು ನಮ್ಮೂರಿನ ಗುಂಪು ಚುನಾವಣೆಯ ಕಾಲದಲ್ಲಿ ಇವುಗಳಿಂದ ಸಾಕಷ್ಟು ನೊಂದಿದೆ.

ಆದರೂ ಆ ನಿಯಮಕ್ಕೆ ತೆರುವ ಬೆಲೆ ದೊಡ್ಡದು. ಒಂದು ಸೀಸನ್ನಿನಲ್ಲಿ ದಿನವೂ ನಮ್ಮೊಡನೆ ಹರಟುತ್ತಿದ್ದ ಸಹೋದ್ಯೋಗಿಯೊಬ್ಬರು ಆಸ್ಪತ್ರೆಯ ಕಾರಿಡಾರಿನಲ್ಲಿ, ಹಾಸಿಗೆ ಹಿಡಿದ ತಂದೆಯ ಕೋಣೆಯ ಹೊರಗೆ ಕೂತು ಮೊಬೈಲಿನಲ್ಲಿ ಪಂದ್ಯ ನೋಡುತ್ತಿದ್ದರೆಂಬುದು ನಮಗೆ ತಿಳಿದದ್ದು ಟೂರ್ನಿ ಮುಗಿದ ಮೇಲೆ. ರಕ್ತ ಬೇಕಾದಾಗಲೂ ಅವರು ಗುಂಪಿನಲ್ಲಿ ಕೇಳಿರಲಿಲ್ಲ, ಏಕೆಂದರೆ ಅದು ಕ್ರಿಕೆಟ್ ಆಗಿರಲಿಲ್ಲ. ಅಷ್ಟು ಜನರ ನಡುವೆ ಒಬ್ಬರು ಅಷ್ಟು ಒಂಟಿಯಾಗಿದ್ದರು ಎಂಬುದು ನನ್ನನ್ನು ಬಹಳ ಕಾಡಿತು. ಜಗಳವನ್ನು ತಡೆಯಲು ಕಷ್ಟಸುಖದ ಮಾತನ್ನೂ ಹೊರಗೆ ನಿಲ್ಲಿಸಬೇಕಾಗಿಲ್ಲ. ಫಾರ್ವರ್ಡು ಬೇಡ ಎಂದಷ್ಟೇ ಹೇಳಿದರೆ ಸಾಕು.

ನಮ್ಮೂರಿನ ಗುಂಪಿನಲ್ಲಿಯೂ ಬಹಳ ಕಾಲ ಒಂದು ದೊಡ್ಡ ಕೊರತೆಯಿತ್ತು: ಹೆಣ್ಣುಮಕ್ಕಳೇ ಇರಲಿಲ್ಲ. ಮಾತು ಒರಟಾಗಿದ್ದದ್ದು ಒಂದು ಕಾರಣ, ಕ್ರಿಕೆಟ್ ಗಂಡಸರದೆಂಬ ಭಾವನೆ ಇನ್ನೊಂದು. ಅದನ್ನು ಅಲುಗಾಡಿಸಿದ್ದು 2024ರ ಮಾರ್ಚ್ 17. ಮಹಿಳೆಯರ ಲೀಗ್ ಆದ ಡಬ್ಲ್ಯುಪಿಎಲ್ ಫೈನಲ್‌ನಲ್ಲಿ ಕಲಬುರಗಿ ಮೂಲದ ಶ್ರೇಯಾಂಕಾ ಪಾಟೀಲ 12 ರನ್ನಿಗೆ 4 ವಿಕೆಟ್ ಪಡೆದು, ಡೆಲ್ಲಿ 113ಕ್ಕೆ ಕುಸಿದು, ಸ್ಮೃತಿ ಮಂದಾನ ನಾಯಕತ್ವದಲ್ಲಿ ಆರ್‌ಸಿಬಿಗೆ ಮೊಟ್ಟಮೊದಲ ಕಪ್ ಬಂದಾಗ, ಆ ಸೀಸನ್ನಿನಲ್ಲಿ ಅತಿ ಹೆಚ್ಚು ವಿಕೆಟ್ ಪಡೆದವರಿಗೆ ಸಿಗುವ ಪರ್ಪಲ್ ಕ್ಯಾಪ್ ಕೂಡ ನಮ್ಮ ಊರಿನ ನಂಟಿನ ಹುಡುಗಿಯ ತಲೆಯ ಮೇಲಿತ್ತು. ಹದಿನಾರು ವರ್ಷ ಗಂಡಸರ ತಂಡದಿಂದ ಆಗದಿದ್ದದ್ದನ್ನು ಇವರು ಎರಡನೆಯ ಸೀಸನ್ನಿಗೇ ಮಾಡಿದ್ದರು. ಮರುದಿನದಿಂದ ಒಬ್ಬೊಬ್ಬರಾಗಿ ಅಕ್ಕತಂಗಿಯರು ಗುಂಪಿಗೆ ಸೇರಿದರು. ಸೇರಿದವರು ಸುಮ್ಮನೆ ಕೂರಲಿಲ್ಲ. ಬೈಗುಳ ನಿಂತಿತು, ನಗೆ ಮಾತ್ರ ನಿಲ್ಲಲಿಲ್ಲ. ಕಾಲೇಜಿಗೆ ಹೋಗುವ ಬಸ್ಸು ನಿಲ್ಲಿಸದೆ ಓಡುವುದು, ಹುಡುಗಿಯರಿಗೆ ಸಂಜೆ ಅಭ್ಯಾಸ ಮಾಡಲು ಮೈದಾನವೇ ಇಲ್ಲದಿರುವುದು, ಇಂಥ ತೊಂದರೆಗಳೂ ಆಟದ ಮಾತಿನ ನಡುವೆ ಬರಲಾರಂಭಿಸಿದವು. ಗುಂಪಿನ ಅತ್ಯಂತ ಒಳ್ಳೆಯ ಬದಲಾವಣೆ ಇದೆಂದು ನಾನು ತಿಳಿಯುತ್ತೇನೆ.

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ವಿರುದ್ಧದ ಐಪಿಎಲ್ ಫೈನಲ್ಲನ್ನು ಆರು ರನ್ನಿನಿಂದ ಗೆದ್ದೆವು. ಜೊಹಾನ್ಸ್‌ಬರ್ಗ್‌ನಲ್ಲಿ ಸೋತದ್ದೂ ಆರರಿಂದಲೇ ಎಂದು ಕಾಕಾ ಆ ಕ್ಷಣದಲ್ಲಿಯೇ ನೆನಪಿಸಿದರು. ಮರುದಿನ ವಿಜಯೋತ್ಸವಕ್ಕೆ ಸೇರಿದ ಜನರ ನಡುವೆ ಚಿನ್ನಸ್ವಾಮಿಯ ಹೊರಗೆ ಆದ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಸತ್ತರು. ನಮ್ಮ ಜಿಲ್ಲೆಗಳಿಂದ ಓದಲು, ಕಟ್ಟಡದ ಕೆಲಸಕ್ಕೆ, ಗಾರ್ಮೆಂಟ್ಸಿಗೆ ಬೆಂಗಳೂರಿಗೆ ಹೋದವರ ಸಂಖ್ಯೆ ದೊಡ್ಡದು, ಹಾಗಾಗಿ ಆ ಸಂಜೆ ಗುಂಪಿನಲ್ಲಿ ಎಲ್ಲರ ಎದೆ ಹೊಡೆದುಕೊಳ್ಳುತ್ತಿತ್ತು. ಯಾರ ಮಗ ಯಾವ ಬಡಾವಣೆಯಲ್ಲಿದ್ದಾನೆ, ಯಾರ ತಂಗಿ ಯಾವ ಪಿಜಿಯಲ್ಲಿದ್ದಾಳೆ, ಅವರ ಪಕ್ಕದಲ್ಲಿ ನಮ್ಮವರು ಮತ್ತ್ಯಾರಿದ್ದಾರೆ ಎಂಬುದೆಲ್ಲ ವರ್ಷಗಳ ಹರಟೆಯಿಂದ ಎಲ್ಲರಿಗೂ ಗೊತ್ತಿತ್ತು. ಫೋನು ಹತ್ತದವರ ಹೆಸರು ಬರೆದುಕೊಂಡು, ಹತ್ತಿರವಿದ್ದವರನ್ನು ಕಳಿಸಿ, ಮಧ್ಯರಾತ್ರಿಯೊಳಗೆ ಗುಂಪಿನ ಪ್ರತಿಯೊಂದು ಮನೆಯ ಮಕ್ಕಳೂ ಸುರಕ್ಷಿತವಾಗಿದ್ದಾರೆಂದು ಖಚಿತಪಡಿಸಿಕೊಂಡೆವು. ಆ ಮಾಹಿತಿ ನಮ್ಮ ಬಳಿ ಇದ್ದದ್ದು ಆಟದ ನಡುವೆ ಆಟವಲ್ಲದ ಮಾತನ್ನೂ ಆಡುತ್ತಿದ್ದೆವೆಂಬ ಒಂದೇ ಕಾರಣಕ್ಕೆ.

ಕಪ್ ಬಂದ ಮೇಲೆ ಗುಂಪಿಗೆ ಹೊಸಬರು ಬಹಳ ಜನ ಸೇರಿದ್ದಾರೆ. ಅವರಲ್ಲಿ ಕೆಲವರ ನಗೆ ಈಗ ಪೂರ್ತಿ ಎದುರಾಳಿಯ ಮೇಲೆಯೇ ಇರುತ್ತದೆ. ಚೆನ್ನೈಯವರನ್ನು, ಹೈದರಾಬಾದಿನವರನ್ನು ಹಳಿಯುವ ಮೀಮ್‌ಗಳೇ ದಿನವೆಲ್ಲ ಬರುತ್ತವೆ, ನಡುವೆ ಯಾರಾದರೂ ಮಳೆಯ ಮಾತೋ ತೊಗರಿಗೆ ಬರುವ ನೆಟೆ ರೋಗದ ಮಾತೋ ಎತ್ತಿದರೆ “ಇದು ಕ್ರಿಕೆಟ್ ಗ್ರೂಪು” ಎಂಬ ಉತ್ತರ ಬರತೊಡಗಿದೆ. ಈ ಉತ್ತರವನ್ನು ನಾನು ಹೈದರಾಬಾದಿನಲ್ಲಿ ಕೇಳಿ ಬಲ್ಲೆ, ಅದು ಎಲ್ಲಿಗೆ ಒಯ್ಯುತ್ತದೆಂಬುದನ್ನೂ ಬಲ್ಲೆ. ಆದ್ದರಿಂದ ಹೀಗೆ ಬರೆದವರಿಗೆ ಪ್ರತಿಸಲವೂ ನಾನು ಉತ್ತರ ಕೊಡುತ್ತಿದ್ದೇನೆ, ಕಾಕಾ ಕೊಡುತ್ತಿದ್ದಾರೆ, ಅಕ್ಕತಂಗಿಯರಂತೂ ನಮ್ಮಿಬ್ಬರಿಗಿಂತ ಖಡಕ್ಕಾಗಿ ಕೊಡುತ್ತಾರೆ. ಉಪ್ಪಲ್‌ನಲ್ಲಿ ನಮ್ಮವರ ಪಂದ್ಯ ನಡೆದಾಗ ಕಲಬುರಗಿಯಿಂದ ಬರುವವರು ರಾತ್ರಿ ನಮ್ಮ ಮನೆಯಲ್ಲಿ ಉಳಿದು ಬೆಳಗಿನ ಬಸ್ಸಿಗೆ ಹೊರಡಬಹುದೆಂದು ತಿಳಿಸಿದ್ದೇನೆ. ಇಲ್ಲಿನ ಸಹೋದ್ಯೋಗಿಗಳನ್ನೂ ಅಂದು ಊಟಕ್ಕೆ ಕರೆಯುವವನಿದ್ದೇನೆ. ಪಿಚ್ಚಿನ ಮಾತು ಅವರು ಆಡಲಿ, ತೊಗರಿಯ ಮಾತು ಕಾಕಾ ಶುರುಮಾಡುತ್ತಾರೆ.