ಯಾವ ಕ್ಲಾಸಿಗೂ ಸೇರದ ಇಂಜಿನ್

ಮೊನ್ನೆ ಗೆಳೆಯನೊಬ್ಬ ಮನೆಗೆ ಬಂದಿದ್ದ. ಅವನಿಗೂ ನನ್ನ ಹಾಗೆ ರೈಲಿನ ಹುಚ್ಚು. ಮೇಜಿನ ಮೇಲಿದ್ದ ಸ್ಟೀಮ್ ಇಂಜಿನ್ ಮಾಡೆಲ್ಲನ್ನು ಒಂದು ಸುತ್ತು ಹಾಕಿ ನೋಡಿದ. ಬಗ್ಗಿ ಗಾಲಿ ಎಣಿಸಿದ. ಆಮೇಲೆ ಕೇಳಿದ, "ಇದು ಯಾವ ಕ್ಲಾಸು?" ಒಂದೇ ನಕ್ಷೆಯಂತೆ ಕಟ್ಟಿದ ಇಂಜಿನ್ನುಗಳ ಗುಂಪಿಗೆ ಕ್ಲಾಸ್ ಅನ್ನುತ್ತಾರೆ.

"ಯಾವುದೂ ಅಲ್ಲ. ಸ್ಪೇರ್ ಪಾರ್ಟ್ ಡಬ್ಬದಲ್ಲಿ ಇದ್ದಿದ್ದನ್ನೆಲ್ಲ ಸೇರಿಸಿ ಕಟ್ಟಿದ್ದು" ಅಂದೆ.

"ಓ, ಹಾಗಾದ್ರೆ ಸುಮ್ನೆ ಕಲ್ಪನೆ" ಅಂದ.

ಮಾತು ಬೇರೆ ಕಡೆ ಹೋಯಿತು. ಆದರೆ ಆ 'ಸುಮ್ನೆ' ಮಾತ್ರ ನನ್ನ ತಲೆಯಲ್ಲೇ ಉಳಿಯಿತು. ಒಂದು ವರ್ಷಕ್ಕೂ ಜಾಸ್ತಿ ಕೂತು ಮಾಡಿದ ಕೆಲಸ ಅದು. ಅದರಲ್ಲಿ ಸುಮ್ನೆ ಅನ್ನುವಂಥದ್ದು ಒಂದು ಸ್ಕ್ರೂ ಕೂಡ ಇಲ್ಲ. ಅದಕ್ಕೇ ಈ ಉದ್ದದ ಬರಹ. ರೈಲಿನ ಹುಚ್ಚು ಇಲ್ಲದವರು ಇದೇ ಸ್ಟೇಷನ್ನಿನಲ್ಲಿ ಇಳಿದುಬಿಡಬಹುದು, ಬೇಸರ ಮಾಡಿಕೊಳ್ಳುವುದಿಲ್ಲ.

ಮೊದಲು ಇಂಜಿನ್ನಿನ ಜಾತಕ ಹೇಳಿಬಿಡುತ್ತೇನೆ. ಎರಡು ಹಳಿಗಳ ನಡುವಿನ ಅಂತರ, ಅಂದರೆ ಗೇಜ್, 45 ಮಿ.ಮೀ. ಕಲ್ಲಿದ್ದಲು, ನೀರು ಹೊರುವ ಹಿಂದಿನ ಗಾಡಿ (ಟೆಂಡರ್) ಸೇರಿ ಉದ್ದ ಸುಮಾರು ಮುಕ್ಕಾಲು ಮೀಟರ್. ಚಾಸಿ ಮತ್ತು ಮೋಟರ್ ಒಂದು ಸತ್ತ ಇಂಜಿನ್ನಿನದ್ದು. ಡ್ರೈವರ್ ನಿಲ್ಲುವ ಕ್ಯಾಬ್ ಇನ್ನೊಂದರದ್ದು, ಟೆಂಡರ್ ಮತ್ತೊಂದರದ್ದು. ಬಾಯ್ಲರ್ 75 ಮಿ.ಮೀ. ವ್ಯಾಸದ ಪಿವಿಸಿ ಪೈಪು. ಗಂಟೆ, ಹೆಡ್‌ಲೈಟು, ಬ್ರೇಕಿಗೆ ಗಾಳಿ ತುಂಬುವ ಏರ್ ಪಂಪು ಎಲ್ಲಿಂದ ಬಂದವು ಅಂತ ನನಗೂ ನೆನಪಿಲ್ಲ. ಡಬ್ಬ ಅಂದರೆ ಹಾಗೇ ಅಲ್ವಾ, ಅದು ತಾನಾಗಿ ತುಂಬಿಕೊಳ್ಳುತ್ತದೆ.

45 ಮಿ.ಮೀ. ಹಳಿಯದ್ದೇ ಒಂದು ದೊಡ್ಡ ತಮಾಷೆ. ಹಳಿ ಒಂದೇ, ಅದರ ಮೇಲೆ ಓಡುವ ಮಾಡೆಲ್ಲುಗಳ ಸ್ಕೇಲು ಹಲವು. 1:32ರಲ್ಲಿ, ಅಂದರೆ ನಿಜವಾದದ್ದರ 32ನೇ ಒಂದು ಪಾಲಿನ ಅಳತೆಯಲ್ಲಿ, ಮಾಡಿದರೆ ಆ ಹಳಿ ಸ್ಟ್ಯಾಂಡರ್ಡ್ ಗೇಜ್ ಆಗುತ್ತದೆ. 1:22.5ರಲ್ಲಿ ಮೀಟರ್ ಗೇಜ್. 1:20.3ರಲ್ಲಿ ಮೂರಡಿ ಗೇಜ್. ಇವುಗಳ ನಡುವೆ 1:29 ಅಂತ ಒಂದಿದೆ. ಅದನ್ನು ಗುಣಿಸಿ ನೋಡಿದರೆ ಹಳಿ 1305 ಮಿ.ಮೀ. ಬರುತ್ತದೆ. ಸ್ಟ್ಯಾಂಡರ್ಡ್ ಗೇಜ್ 1435. ಆದರೂ ಅದನ್ನೇ ಸ್ಟ್ಯಾಂಡರ್ಡ್ ಗೇಜ್ ಅಂತ ಕರೆದು ಎಲ್ಲರೂ ಖುಷಿಯಾಗಿ ಓಡಿಸುತ್ತಾರೆ. ಕಲ್ಪನೆ ಯಾರದ್ದು, ನನ್ನದಾ?

ನನ್ನ ಡಬ್ಬದಲ್ಲಿ ಈ ಎಲ್ಲ ಸ್ಕೇಲಿನವೂ ಇದ್ದವು. ಹಾಗಾಗಿ ಮೊದಲ ಕೆಲಸ, ಒಬ್ಬ ಡ್ರೈವರನನ್ನು ಮಾಡಿಕೊಂಡಿದ್ದು. ಕಾರ್ಡ್‌ಬೋರ್ಡಿನಲ್ಲಿ 75 ಮಿ.ಮೀ. ಎತ್ತರದ ಮನುಷ್ಯನನ್ನು ಕತ್ತರಿಸಿದೆ. 1:22.5ರಲ್ಲಿ ಅವನು ಸುಮಾರು 1.7 ಮೀಟರ್ ಎತ್ತರದವನು. ಪ್ರತಿ ತುಂಡನ್ನೂ ಅವನ ಪಕ್ಕ ಇಟ್ಟು ನೋಡುವುದು. 1:29ರ ಕ್ಯಾಬಿನೊಳಗೆ ನಿಲ್ಲಿಸಿದೆ, ತಲೆ ಚಾವಣಿಗೆ ಬಡಿಯಿತು. ಕ್ಯಾಬಿನ ಗೋಡೆಯ ಕೆಳಗೆ 12 ಮಿ.ಮೀ. ಪಟ್ಟಿ ಅಂಟಿಸಿ ಎತ್ತರಿಸಿದೆ. 1:20.3ರ ಟೆಂಡರ್ ಪಕ್ಕ ಅವನು ಮಗುವಿನ ಹಾಗೆ ಕಂಡ. ಟೆಂಡರಿನ ಮೇಲಂಚನ್ನು ಗರಗಸದಲ್ಲಿ ಕತ್ತರಿಸಿದೆ. ಇನ್ನು ಮೊದಲು ಕೈಗೆ ಸಿಕ್ಕ ಹೆಡ್‌ಲೈಟು! ಹಚ್ಚಿ ನೋಡಿದರೆ ಮೂಗಿಗಿಂತ ಮೂಗುತಿ ಭಾರ. ಅದು ವಾಪಸ್ ಡಬ್ಬಕ್ಕೆ ಹೋಯಿತು. ಅಡ್ಡಾದಿಡ್ಡಿ ಕತ್ತರಿಸಿದ ಆ ರಟ್ಟಿನ ಮನುಷ್ಯ ಇಲ್ಲದಿದ್ದರೆ ಈ ಇಂಜಿನ್ ಆಗುತ್ತಲೇ ಇರಲಿಲ್ಲ.

ಈಗ ಮುಖ್ಯ ವಿಷಯ. ಬಾಯ್ಲರನ್ನು ಚಾಸಿಯ ಮೇಲೆ ಕೂರಿಸಿ, ಚಿಮಣಿ ಹಚ್ಚಿ, ದೂರ ನಿಂತು ನೋಡಿದೆ. ಏನೋ ಸರಿ ಇಲ್ಲ. ಅಳತೆ ಎಲ್ಲ ಸರಿ ಇದೆ, ಬಾಯ್ಲರ್ ಮಟ್ಟವಾಗಿದೆ, ಆದರೂ ಮುಖ ಸೊಟ್ಟ ಅನಿಸುತ್ತದೆ. ಒಂದು ವಾರ ದಿನಾ ನೋಡಿದೆ. ಚಿಮಣಿ ಬದಲಾಯಿಸಿದೆ. ಉದ್ದದ್ದು ಹಾಕಿದೆ, ಮೋಟು ಹಾಕಿದೆ. ಊಹೂಂ.

ಕೊನೆಗೆ ಒಂದು ರಾತ್ರಿ ಉಗಿಯ ದಾರಿಯನ್ನು ಬೆರಳಲ್ಲಿ ತೋರಿಸಿಕೊಂಡು ಹೋದೆ. ಉಗಿ ಸಿಲಿಂಡರಿಗೆ ಬಂತು, ಪಿಸ್ಟನ್ ತಳ್ಳಿತು, ಕೆಲಸ ಮುಗಿಯಿತು. ಆಮೇಲೆ? ಬಾಯ್ಲರಿನ ಮುಂದಿನ ಹೊಗೆಗೂಡಾದ ಸ್ಮೋಕ್‌ಬಾಕ್ಸಿನೊಳಗಿನ ಬ್ಲಾಸ್ಟ್ ಪೈಪಿನಿಂದ ರಭಸವಾಗಿ ಚಿಮಣಿಯ ಮೂಲಕ ಹೊರಗೆ ಹೋಗಬೇಕು. ಹೋಗುವಾಗ ಸ್ಮೋಕ್‌ಬಾಕ್ಸಿನ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಆ ಎಳೆತಕ್ಕೇ ಅತ್ತ ಒಲೆಯಲ್ಲಿ ಬೆಂಕಿ ಭುಗಿಲ್ ಅನ್ನುವುದು. ಇಂಜಿನ್ ಜೋರಾಗಿ ದುಡಿದಷ್ಟೂ ಬೆಂಕಿ ಜೋರು. 1829ರ ರಾಕೆಟ್ ಇಂಜಿನ್ನಿನಲ್ಲೂ ಉಗಿಯನ್ನು ಚಿಮಣಿಗೇ ಬಿಟ್ಟಿದ್ದರು. ಅಂದರೆ ಬ್ಲಾಸ್ಟ್ ಪೈಪಿನ ನೆತ್ತಿಯ ಮೇಲೆ ಚಿಮಣಿ ಇರಲೇಬೇಕು. ಸಾಮಾನ್ಯವಾಗಿ ಸಿಲಿಂಡರುಗಳೂ ಅದೇ ನೇರದಲ್ಲಿ ಕೆಳಗಿರುತ್ತವೆ. ನನ್ನದರಲ್ಲಿ ಚಿಮಣಿ 18 ಮಿ.ಮೀ. ಹಿಂದಕ್ಕಿತ್ತು!

ತಲೆಗೆ ಹೊಳೆಯುವ ಮೊದಲೇ ಕಣ್ಣಿಗೆ ಅದು ಗೊತ್ತಾಗಿತ್ತು. ನೂರಾರು ಇಂಜಿನ್ನುಗಳ ಫೋಟೋ ನೋಡಿದ ಕಣ್ಣು ಅದು.

ಕೊರೆದ ತೂತು ಮುಚ್ಚುವುದು ಯಾರಿಗೆ ಇಷ್ಟ? ಪುಣ್ಯಕ್ಕೆ ಕೊರೆದಾಗ ಬಿದ್ದ ಪೈಪಿನ ಬಿಲ್ಲೆಯನ್ನು ಎಸೆದಿರಲಿಲ್ಲ. ಅದನ್ನೇ ಎಪಾಕ್ಸಿ ಹಾಕಿ ಕೂರಿಸಿ, ಉಜ್ಜಿ, ಮತ್ತೆ ತುಂಬಿ, ಮತ್ತೆ ಉಜ್ಜಿ, 18 ಮಿ.ಮೀ. ಮುಂದೆ ಹೊಸ ತೂತು ಕೊರೆದೆ. ಚಿಮಣಿ ಇಟ್ಟ ತಕ್ಷಣ ಮುಖ ನೆಟ್ಟಗಾಯಿತು.

ಅಲ್ಲಿಂದ ಮುಂದೆ ನನ್ನ ನಿಯಮ ಒಂದೇ. ಬೆಂಕಿ, ನೀರು, ಉಗಿ, ಮರಳು, ಗಾಳಿ ಇವುಗಳಲ್ಲಿ ಯಾವುದಕ್ಕೂ ದಾರಿ ತಪ್ಪಬಾರದು. ದಾರಿ ಇಲ್ಲದ ತುಂಡು ಎಷ್ಟೇ ಚೆಂದ ಇರಲಿ, ಡಬ್ಬಕ್ಕೆ. ಸ್ಟೀಮ್ ಡೋಮ್, ಅಂದರೆ ಉಗಿಯ ಗುಮ್ಮಟ, ಬಾಯ್ಲರಿನ ಮೇಲೆ ಎತ್ತರದಲ್ಲಿ ಇರುವುದು ಕುದಿಯುವ ನೀರಿನಿಂದ ದೂರ, ಒಣ ಉಗಿ ಸಿಗಲಿ ಅಂತ. ಗಾಲಿ ಜಾರದಂತೆ ಹಳಿಗೆ ಸುರಿಯುವ ಮರಳಿನ ಡೋಮ್ ಬಾಯ್ಲರಿನ ಬೆನ್ನ ಮೇಲೆ ಕೂತಿರುವುದು ಬಿಸಿಗೆ ಮರಳು ಒಣಗಿರಲಿ ಅಂತ. ಅದರಿಂದ ಇಳಿಯುವ ಪೈಪು ಗಾಲಿ ಹಳಿಗೆ ತಾಗುವ ಜಾಗಕ್ಕೇ ಬರಬೇಕು. ನಡುವೆ ಎಲ್ಲೋ ಗಾಳಿಯಲ್ಲಿ ನಿಂತರೆ ಮರಳು ಯಾರಿಗೆ?

ಹಿಂದಿನ ಎರಡು ಗಾಲಿಯ ಕಥೆಯೂ ಇದೇ. ಆ ಸತ್ತ ಚಾಸಿ ಮೂಲದಲ್ಲಿ 2-8-0. ಅಂದರೆ ಮುಂದೆ 2 ಸಣ್ಣ ಗಾಲಿ, ಆಮೇಲೆ 8 ದೊಡ್ಡವು, ಹಿಂದೆ ಏನೂ ಇಲ್ಲ. ಹೀಗೆ ಎಣಿಸುವ ಪದ್ಧತಿಯನ್ನು 1900ರಲ್ಲಿ ವೈಟ್ ಎಂಬಾತ ತಂದ. ನನಗೆ ಸಿಕ್ಕಿದ್ದ ಫೈರ್‌ಬಾಕ್ಸ್ (ಒಲೆ) ಅಗಲವಾದದ್ದು, ದೊಡ್ಡ ಗಾಲಿಗಳ ನಡುವೆ ಹಿಡಿಯುವುದಿಲ್ಲ. ಅದನ್ನು ಹಿಂದಕ್ಕೆ ತಳ್ಳಬೇಕು. ಹಿಂದಕ್ಕೆ ತಳ್ಳಿದರೆ ಭಾರ ಹೊರುವವರು ಯಾರು? ಅದಕ್ಕೆ ಎರಡು ಸಣ್ಣ ಗಾಲಿಯ ಚೌಕಟ್ಟು (ಟ್ರಕ್) ಸೇರಿಸಿದೆ, 2-8-2 ಆಯಿತು. ಇದಕ್ಕೆ ಮಿಕಾಡೊ ಅಂತ ಹೆಸರು. 1897ರಲ್ಲಿ ಅಮೆರಿಕದ ಬಾಲ್ಡ್ವಿನ್ ಕಂಪನಿ ಜಪಾನಿಗೆ ಇಂಥವನ್ನು ಕಟ್ಟಿಕೊಟ್ಟಿದ್ದರಿಂದ ಬಂದ ಹೆಸರು. ಮುಂದೆ 1925ರಲ್ಲಿ ಲೈಮಾ ಕಂಪನಿಯವರು ಇನ್ನೂ ದೊಡ್ಡ ಒಲೆ ಬೇಕು ಅಂತ ಹಿಂದೆ 4 ಗಾಲಿ ಇಟ್ಟು 2-8-4 ಮಾಡಿದರು. ನಿಜವಾದ ಇಂಜಿನಿಯರುಗಳು ನೂರು ವರ್ಷದ ಹಿಂದೆ ನಡೆದ ದಾರಿಯಲ್ಲೇ ನಾನೂ ನನ್ನ ಮೇಜಿನ ಮೇಲೆ ತಡವರಿಸುತ್ತಾ ನಡೆದೆ, ಅಷ್ಟೇ. ಇದನ್ನು ಕಲ್ಪನೆ ಅನ್ನಿ, ಬೇಡ ಅನ್ನುವುದಿಲ್ಲ. 'ಸುಮ್ನೆ' ಅನ್ನಬೇಡಿ.

ಗಾಲಿಗಳ ಕಥೆ ಬೇರೆಯೇ ಇದೆ. ಚಾಸಿ ಸತ್ತಿದ್ದು ಯಾಕೆ ಅಂತ ಬಿಚ್ಚಿ ನೋಡಿದರೆ ಆಕ್ಸಲಿನ ಮೇಲಿನ ಪ್ಲಾಸ್ಟಿಕ್ ಗೇರು ಸೀಳಿತ್ತು. ಕೂದಲೆಳೆಯಷ್ಟು ಬಿರುಕು. ಗಾಲಿ ಒಂದು ಸುತ್ತು ತಿರುಗಿದಾಗೊಮ್ಮೆ 'ಟಕ್'. ಹಿತ್ತಾಳೆ ಗೇರು ಹಾಕಿದೆ. ಆದರೆ ಅದಕ್ಕೆ ಗಾಲಿ ಕಳಚಬೇಕು, ಕಳಚಿದ ಮೇಲೆ ಮತ್ತೆ ಕೋನ ಹೊಂದಿಸಬೇಕು. ರಾಡು ಹಿಡಿದು ಗಾಲಿ ತಿರುಗಿಸುವ ಎಡಗಡೆಯ ಕ್ರ್ಯಾಂಕಿಗೂ ಬಲಗಡೆಯದಕ್ಕೂ 90 ಡಿಗ್ರಿ ಅಂತರ ಇರುತ್ತದೆ. ಒಂದು ಕಡೆಯ ಪಿಸ್ಟನ್ ತುದಿ ಮುಟ್ಟಿ ಏನೂ ಮಾಡಲಾಗದೆ ನಿಂತಾಗ ಇನ್ನೊಂದು ಕಡೆಯದು ತಳ್ಳುತ್ತಿರಲಿ ಅಂತ. ನಾಲ್ಕು ಆಕ್ಸಲಿನಲ್ಲೂ ಈ ಕೋನ ಒಂದೇ ಆಗಿರಬೇಕು. ಎಲ್ಲವೂ 88 ಡಿಗ್ರಿ ಇದ್ದರೂ ಓಡುತ್ತದೆ. ಮೂರು 90, ಒಂದು 88 ಇದ್ದರೆ ಮುಗಿಯಿತು. ನಾನು ಮೊದಲ ಸಲ ಕಣ್ಣಂದಾಜಿನಲ್ಲಿ ಕೂರಿಸಿದೆ. ರಾಡು ಹಾಕಿ ತಳ್ಳಿದರೆ ಎತ್ತು ಏರಿಗೆ, ಕೋಣ ನೀರಿಗೆ. ಅರ್ಧ ಸುತ್ತು ತಿರುಗಿ ಗಕ್ಕನೆ ನಿಲ್ಲುತ್ತಿತ್ತು. ಕೊನೆಗೆ ಪ್ಲೈವುಡ್ಡಿನಲ್ಲಿ ಕೋನ ಹಿಡಿದಿಡುವ ಒಂದು ಅಚ್ಚು (ಜಿಗ್) ಮಾಡಿ, ನಾಲ್ಕನ್ನೂ ಅದರಲ್ಲೇ ಒತ್ತಿ ಕೂರಿಸಿದ ಮೇಲೆ ಒಂದು ಬೆರಳಿಗೆ ಉರುಳಿತು. ಅದು ಉರುಳಿದಾಗ ಬಂದ ಸದ್ದು, ಅಂದರೆ ಸದ್ದೇ ಇಲ್ಲದ್ದು, ಹೇಳಿ ತಿಳಿಸಲಾಗದು.

ತಿರುವಿನಲ್ಲಿ ಮತ್ತೊಂದು ತೊಂದರೆ. ನನ್ನ ಹತ್ತಿರ ಇರುವ ತಿರುವಿನ ಹಳಿಗಳು 600 ಮಿ.ಮೀ. ತ್ರಿಜ್ಯದವು. ನಾಲ್ಕು ಆಕ್ಸಲಿನ ಗಟ್ಟಿ ಚಾಸಿ ಅಲ್ಲಿ ಬಗ್ಗುವುದಿಲ್ಲ. ನಡುವಿನ ಎರಡು ಜೋಡಿ ಗಾಲಿಯ ಫ್ಲ್ಯಾಂಜನ್ನು, ಅಂದರೆ ಹಳಿಯಿಂದ ಜಾರದಂತೆ ತಡೆಯುವ ಅಂಚನ್ನು, ಕಡೆದು ತೆಗೆದೆ. ಇದನ್ನು ನೋಡಿ ಮೋಸ ಅಂದವರು ಇದ್ದಾರೆ. ಬ್ರಿಟಿಷ್ ರೈಲ್ವೆಯ 9ಎಫ್ ಇಂಜಿನ್ನಿಗೂ ನಡುಗಾಲಿಗೆ ಫ್ಲ್ಯಾಂಜ್ ಇರಲಿಲ್ಲ ಸ್ವಾಮಿ. 1954ರಿಂದ 1960ರವರೆಗೆ ಅಂಥವನ್ನು 251 ಕಟ್ಟಿದರು.

ನಾನು ಮಾಡಿದ ನಿಜವಾದ ತಪ್ಪು ಬೇರೆ. ಗಾಲಿಯ ಹೊರಗೆ ಕಾಣುವ ಕಡ್ಡಿಗಳ ಜಾಲ ಇದೆಯಲ್ಲ, ಸಿಲಿಂಡರಿಗೆ ಉಗಿ ಯಾವಾಗ ಬಿಡಬೇಕು ಅಂತ ನಡೆಸುವ ವಾಲ್ಶಾರ್ಟ್ಸ್ ವಾಲ್ವ್ ಗೇರ್, ಅದರಲ್ಲಿ ಕ್ರ್ಯಾಂಕ್ ಪಿನ್ನಿನ ಮೇಲೆ ಒಂದು ಸಣ್ಣ ರಿಟರ್ನ್ ಕ್ರ್ಯಾಂಕ್ ಕೂರುತ್ತದೆ. ಪಿನ್ ಕೆಳಗೆ ಬಂದಾಗ ಅದು ಎರಡೂ ಬದಿಯಲ್ಲಿ ಒಂದೇ ಕಡೆಗೆ ವಾಲಬೇಕು. ನಾನು ಎಡಗಡೆ ಮುಂದಕ್ಕೆ, ಬಲಗಡೆ ಹಿಂದಕ್ಕೆ ಕೂರಿಸಿ ಎರಡು ತಿಂಗಳು ಓಡಿಸಿದೆ. ನಿಜವಾದ ಇಂಜಿನ್ ಆಗಿದ್ದರೆ ಒಂದು ಸಿಲಿಂಡರ್ ಮುಂದೆ ಹೋಗೋಣ ಅಂತ, ಇನ್ನೊಂದು ಹಿಂದೆ ಹೋಗೋಣ ಅಂತ ಜಗಳ ಆಡುತ್ತಿದ್ದವು. ಮೋಟರ್ ಇದ್ದಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಸರಿ ಮಾಡಲು ಹಿಡಿದಿದ್ದು ಐದು ನಿಮಿಷ. ನಾಚಿಕೆ ಹೋಗಲು ಜಾಸ್ತಿ ಹಿಡಿಯಿತು.

ಸದ್ದಿನ ವಿಷಯ ಚುಟುಕಾಗಿ ಹೇಳುತ್ತೇನೆ. ಎರಡು ಸಿಲಿಂಡರಿನ ಇಂಜಿನ್ನಿಗೆ ಗಾಲಿಯ ಒಂದು ಸುತ್ತಿಗೆ ನಾಲ್ಕು 'ಛಕ್'. ಆಕ್ಸಲಿನ ಮೇಲೆ ನಾಲ್ಕು ಪುಟ್ಟ ಅಯಸ್ಕಾಂತ ಅಂಟಿಸಿದರೆ ಸೌಂಡ್ ಕಾರ್ಡಿಗೆ ಸುಳಿವು ಸಿಗುತ್ತದೆ. ನನ್ನದರಲ್ಲಿ ಒಂದು ಸ್ವಲ್ಪ ಸರಿದು ಅಂಟಿದೆ. ಇಂಜಿನ್ ಕುಂಟುತ್ತಾ ಉಸಿರು ಬಿಡುತ್ತದೆ. ವಾಲ್ವ್ ಹೊಂದಾಣಿಕೆ ತಪ್ಪಿದ ನಿಜವಾದ ಇಂಜಿನ್ನೂ ಹೀಗೇ ಕುಂಟುತ್ತದೆ. ಹಾಗಾಗಿ ಬಿಟ್ಟುಬಿಟ್ಟಿದ್ದೇನೆ. ಸೋಮಾರಿತನಕ್ಕೆ ಒಂದು ಒಳ್ಳೆಯ ಕಾರಣ ಸಿಕ್ಕರೆ ಬಿಡಬಾರದು.

ಹಾಗಂತ ಸ್ಪೇರ್ ಪಾರ್ಟಿನಲ್ಲಿ ಕಟ್ಟುವವರೆಲ್ಲ ಮಹಾ ಪಂಡಿತರು ಅಂತ ಹೇಳುತ್ತಿಲ್ಲ. ಸಿಕ್ಕಿದ ಪೈಪು, ಸಿಕ್ಕಿದ ಚಕ್ರ ಎಲ್ಲ ಅಂಟಿಸಿ, ಮೇಲೆ ತುಕ್ಕಿನ ಬಣ್ಣ ಬಳಿದು ಇಂಜಿನ್ ಅನ್ನುವವರನ್ನೂ ನೋಡಿದ್ದೇನೆ. ಅವು ನೋಡಲು ಚೆನ್ನಾಗಿರುತ್ತವೆ, ಆದರೆ ಅವು ಶಿಲ್ಪ. ಉಳಿತಾಯ ಆಗುತ್ತದೆ ಅನ್ನುವುದೂ ಸುಳ್ಳು. ಬಿಟ್ಟಿ ಸಿಕ್ಕ ಚಾಸಿಗೆ ಗೇರು, ಬೇರಿಂಗು, ಸ್ಕ್ರೂ, ಬಣ್ಣ ಅಂತ ಹಾಕುತ್ತಾ ಹೋದರೆ ಅದು ಬಿಟ್ಟಿ ಉಳಿಯುವುದಿಲ್ಲ. ಇನ್ನು ನಕ್ಷೆ ಹಿಡಿದು ಒಂದೊಂದು ರಿವೆಟ್ಟೂ ಎಣಿಸಿ ಪಡಿಯಚ್ಚು ಮಾಡುವವರ ಕೈಚಳಕ ನನಗೆ ಈ ಜನ್ಮದಲ್ಲಿ ಬರುವುದಿಲ್ಲ, ಒಪ್ಪುತ್ತೇನೆ. ಆದರೆ ಚಿಮಣಿ ಎಲ್ಲಿಡಬೇಕು ಅಂತ ಅವರು ಒಂದು ವಾರ ತಲೆ ಕೆಡಿಸಿಕೊಳ್ಳಬೇಕಿಲ್ಲ. ನಕ್ಷೆ ಬರೆದವನು ಯಾವತ್ತೋ ತಲೆ ಕೆಡಿಸಿಕೊಂಡಿರುತ್ತಾನೆ.

ಮತ್ತೆ, ಕ್ಲಾಸು ಇದ್ದರೆ ಮಾತ್ರ ಅಸಲಿ ಅನ್ನುವವರು ಇಂಗ್ಲೆಂಡಿನ ಡಿಡ್‌ಕಾಟ್ ರೈಲ್ವೆ ಕೇಂದ್ರದ ಕಡೆ ಒಮ್ಮೆ ನೋಡಬೇಕು. ಗ್ರೇಟ್ ವೆಸ್ಟರ್ನ್ ರೈಲ್ವೆಯ ಸೇಂಟ್ ಕ್ಲಾಸಿನ ಕೊನೆಯ ಇಂಜಿನ್ 1953ರಲ್ಲಿ ಸೇವೆಯಿಂದ ಹೋಯಿತು. ಒಂದೂ ಉಳಿಯಲಿಲ್ಲ. ಆದರೆ ಹಾಲ್ ಕ್ಲಾಸಿನವು ಉಳಿದಿದ್ದವು. 1924ರಲ್ಲಿ ಒಂದು ಸೇಂಟ್ ಇಂಜಿನ್ನಿಗೆ ಸಣ್ಣ ಗಾಲಿ ಹಾಕಿದ್ದೇ ಆ ಹಾಲ್ ಕ್ಲಾಸಿನ ಮೊದಲ ಮಾದರಿ. ಡಿಡ್‌ಕಾಟಿನವರು ಉಲ್ಟಾ ಮಾಡಿದರು. ಮೈಂಡಿ ಹಾಲ್ ಎಂಬ ಇಂಜಿನ್ನನ್ನು ಬಿಚ್ಚಿ, ದೊಡ್ಡ ಗಾಲಿ ಹಾಕಿ, ವರ್ಷಗಟ್ಟಲೆ ಕೂತು ಅದನ್ನು ಸೇಂಟ್ ಮಾಡಿದರು. 2019ರಲ್ಲಿ ಅದು ಓಡಿತು. ಹೆಸರು ಲೇಡಿ ಆಫ್ ಲೆಜೆಂಡ್, ನಂಬರು 2999. ಹಿಂದೆ ಯಾವ ಸೇಂಟಿಗೂ ಇಲ್ಲದ ನಂಬರು. ಅದನ್ನು ಯಾರೂ ಸುಮ್ನೆ ಕಲ್ಪನೆ ಅನ್ನಲಿಲ್ಲ.

ನನ್ನದಕ್ಕೆ ಬಣ್ಣ ಬಳಿಯುವ ಮುಂಚೆ ಒಂದು ಫೋಟೋ ತೆಗೆದಿಟ್ಟಿದ್ದೇನೆ. ಹಸಿರು ಕ್ಯಾಬ್, ಕೆಂಪು ಚಾಸಿ, ಬೂದು ಪೈಪು, ಅದರ ಮೇಲೆ ಕಂಪನಿ ಒತ್ತಿದ ಅಳತೆಯ ಅಕ್ಷರ. ಯಾವ ತುಂಡು ಎಲ್ಲಿಂದ ಬಂತು ಅಂತ ಅದರಲ್ಲಿ ಪೂರ್ತಿ ಕಾಣುತ್ತದೆ. ಆಮೇಲೆ ಎಲ್ಲದಕ್ಕೂ ಒಂದೇ ಮಂಕು ಕಪ್ಪು, ಸ್ಮೋಕ್‌ಬಾಕ್ಸಿಗೆ ಮಾತ್ರ ಸ್ವಲ್ಪ ಬೂದು. ಪೈಪಿನ ಮೇಲೆ ಬಣ್ಣ ಹಿಡಿಯಲಿ ಅಂತ ಮರಳು ಕಾಗದದಲ್ಲಿ ಉಜ್ಜಿ ಉಜ್ಜಿ ಬೆರಳ ತುದಿಯ ಚರ್ಮವೂ ನುಣುಪಾಗಿತ್ತು. ಟೆಂಡರಿನ ತಳವನ್ನು ಮಾತ್ರ ಬಳಿಯದೆ ಹಾಗೇ ಬಿಟ್ಟಿದ್ದೇನೆ.

ನಿನ್ನೆ ಅದೇ ಗೆಳೆಯ ಮತ್ತೆ ಬಂದಿದ್ದ. ಕ್ಲಾಸಿನ ಮಾತೆತ್ತಲಿಲ್ಲ. ಇಂಜಿನ್ನಿನ ಎಡಬದಿಗೆ ಕಣ್ಣು ತಂದು, ಏರ್ ಪಂಪಿನ ಪೈಪುಗಳನ್ನು ಬೆರಳಲ್ಲಿ ಹಿಂಬಾಲಿಸಿದ. "ಬಾಯ್ಲರಿನಿಂದ ಉಗಿ ಇಲ್ಲಿಗೆ ಬಂತು. ಪಂಪು ಓಡಿಸಿತು. ಆಮೇಲೆ ಎಲ್ಲಿಗೆ ಹೋಗುತ್ತೆ?" ಅಂದ.

ಬಗ್ಗಿ ನೋಡಿದೆ. ಸ್ಮೋಕ್‌ಬಾಕ್ಸಿಗೆ ಹೋಗಬೇಕಾದ ಪೈಪು ಇರಲೇ ಇಲ್ಲ. ಹಾಕುವುದನ್ನೇ ಮರೆತಿದ್ದೆ. ಇಬ್ಬರೂ ಕೂತು ಡಬ್ಬ ಮಗುಚಿ 2 ಮಿ.ಮೀ. ತಾಮ್ರದ ತಂತಿ ಹುಡುಕಿದೆವು. ಸಿಕ್ಕ ತುಂಡು ಒಂದು ಸೆಂಟಿಮೀಟರ್ ಗಿಡ್ಡ.